ಅತ್ತೆಯ ಅವಸರದ ಗಂಟೆ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಎರಡೂ ಸರಿಯಾಗಿಯೇ ನಡೆಯುತ್ತಿದ್ದವು. ತಕರಾರು ಇದ್ದದ್ದೇ ಅಲ್ಲಿ.

ಒಲೆಯ ಮೇಲಿನದು ನನ್ನದು, ಅಮೆರಿಕದ ನಮ್ಮ ಮೇನ್ ರಾಜ್ಯದ ಗಂಟೆ ತೋರಿಸುವಂಥದ್ದು. ಕಿಟಕಿಯ ಪಕ್ಕದ್ದು ನನ್ನ ಅತ್ತೆ ಒಲೀನ್ ಅವರದು. ಅದು ಯಾವಾಗಲೂ ಒಂದು ಗಂಟೆ ಮುಂದೆ, ಯಾಕೆಂದರೆ ಅದು ತೋರಿಸುವುದು ನದಿಯ ಆಚೆ ದಡದ ಹೊತ್ತನ್ನು. ನಮ್ಮೂರ ಹತ್ತಿರ ಸೇಂಟ್ ಜಾನ್ ನದಿ ಅಷ್ಟೇನೂ ಅಗಲವಿಲ್ಲ. ಆಚೆ ಯಾರಾದರೂ ತಮ್ಮ ನಾಯಿಯನ್ನು ಬೈದರೆ ಈಚೆಗೆ ಕೇಳುತ್ತದೆ. ಆದರೆ ಸೇತುವೆ ದಾಟಿದರೆ ದೇಶ ಬೇರೆ, ದುಡ್ಡು ಬೇರೆ, ಶಾಲೆಯ ರಜೆ ಬೇರೆ, ಗಂಟೆಯೂ ಬೇರೆ. ಕೆನಡಾದ್ದನ್ನು ಅವಸರದ ಗಂಟೆ ಅನ್ನುತ್ತೇವೆ, ನಮ್ಮದನ್ನು ನಿಧಾನದ ಗಂಟೆ. ಬರೀ ‘ಎಂಟಕ್ಕೆ ಬನ್ನಿ’ ಅಂತ ಈ ಊರಲ್ಲಿ ಯಾರೂ ಕರೆಯುವುದಿಲ್ಲ. ‘ಎಂಟು, ನಿಧಾನದ್ದು’ ಅನ್ನಬೇಕು. ಇಲ್ಲದಿದ್ದರೆ ಮದುವೆಗೆ ಹೋದವರು ಖಾಲಿ ತಟ್ಟೆ ನೋಡಿಕೊಂಡು ಬರಬೇಕಾಗುತ್ತದೆ.

ಅತ್ತೆ ಆಚೆ ದಡದ ಹುಡುಗಿ. ಐವತ್ತಾರು ವರ್ಷದ ಹಿಂದೆ ಸೇತುವೆ ದಾಟಿ ಈ ಮನೆಗೆ ಸೊಸೆಯಾಗಿ ಬಂದಾಗ ಆ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರಂತೆ. ಕೀಲಿ ಕೊಡುವ ಹಳೇ ಗಡಿಯಾರ. ಅಂದಿನಿಂದ ಒಂದು ದಿನವೂ ಅದನ್ನು ನಮ್ಮ ಹೊತ್ತಿಗೆ ತಿರುಗಿಸಿದವರಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಗಾದೆಯಾಗಿರಲಿಲ್ಲ. ಗೋಡೆಯ ಮೇಲೆ ಟಿಕ್ ಟಿಕ್ ಅನ್ನುತ್ತಿತ್ತು.

ನಾನು ನದಿಯಿಂದ ಐವತ್ತು ಮೈಲಿ ಒಳಗಿನವಳು, ಒಂದೇ ಗಂಟೆಯ ಊರಿನವಳು. ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ಈ ಎರಡು ಗಂಟೆಯ ಸಂಸಾರ ನನಗೆ ಒಗ್ಗಲಿಲ್ಲ. ಬೆಳಿಗ್ಗೆ ಏಳಕ್ಕೆ ನಾನು ಕಣ್ಣುಜ್ಜಿಕೊಂಡು ಕೆಳಗಿಳಿದರೆ ಅತ್ತೆ ಬಾಣಲೆಯ ಮುಂದೆ ನಿಂತು, “ಎಂಟಾಯ್ತಲ್ಲ ಕೊರಿನ್!” ಅನ್ನೋರು. ದಿನಾ ಅದೇ ಮಾತು. ತಡವಾಗಿ ಏಳುವವಳು ಅಂತ ಚುಚ್ಚುತ್ತಿದ್ದಾರೆ ಅಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ. ಮೇಲೆ ಮಾತ್ರ, “ಹೌದು ಮೆಮೇರ್” ಅನ್ನುತ್ತಿದ್ದೆ. ಮೆಮೇರ್ ಅಂದರೆ ನಮ್ಮ ಕಡೆಯ ಫ್ರೆಂಚಿನಲ್ಲಿ ಅಜ್ಜಿ. ಮಗಳು ಹುಟ್ಟಿದ ಮೇಲೆ ನಾನೂ ಅವರನ್ನು ಹಾಗೇ ಕರೆಯುತ್ತೇನೆ.

ಮಗಳು ಮನೋನ್. ಒಬ್ಬಳೇ. ಈ ಸಲ ಶಾಲೆಯ ಕೊನೆಯ ವರ್ಷ. ನರ್ಸಿಂಗ್ ಓದಬೇಕು ಅಂತ ಹಟ. ನಮ್ಮ ದೇಶದಲ್ಲಿ ಓದಬೇಕೆಂದರೆ ದಕ್ಷಿಣಕ್ಕೆ ಐದು ತಾಸು ಕಾರಿನಲ್ಲಿ ಹೋಗಿ ಹಾಸ್ಟೆಲಿನಲ್ಲಿ ಇರಬೇಕು. ಆಚೆ ದಡದ ಕಾಲೇಜಾದರೆ ಇಪ್ಪತ್ತು ನಿಮಿಷ. ಅಜ್ಜಿ ಅಲ್ಲಿ ಹುಟ್ಟಿದವರಾದ್ದರಿಂದ ಮೊಮ್ಮಗಳಿಗೂ ಅಲ್ಲಿಯ ಕಾಗದಪತ್ರ ಸಿಕ್ಕಿತ್ತು. ಸೀಟು ಸಿಕ್ಕರೆ ಅವಳು ರಾತ್ರಿ ನಮ್ಮ ಮೇಜಿಗೇ ಊಟಕ್ಕೆ ಬರುತ್ತಾಳೆ. ಸಿಗದಿದ್ದರೆ ಕ್ರಿಸ್ಮಸ್‌ಗೊಮ್ಮೆ ಬರುವ ನೆಂಟಳಾಗುತ್ತಾಳೆ. ಸಂದರ್ಶನ ಅಕ್ಟೋಬರಿನ ಎರಡನೆಯ ಶುಕ್ರವಾರ, ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತು, ಅವಸರದ್ದು. ತಪ್ಪಿಸಿಕೊಂಡರೆ ಮತ್ತೆ ಮುಂದಿನ ವರ್ಷವೇ ಅಂತ ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು.

ಜಗಳ ಹೊತ್ತಿದ್ದು ಸೆಪ್ಟೆಂಬರಿನಲ್ಲಿ, ನನ್ನ ಗಂಡ ರೊಸೇರ್‌ನ ನಿದ್ದೆಯಿಂದ.

ರೊಸೇರ್ ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಆ ವಾರ ರಾತ್ರಿ ಪಾಳಿ, ಸಂಜೆ ಆರಕ್ಕೆ ಗೇಟಿನಲ್ಲಿರಬೇಕು. ಮಧ್ಯಾಹ್ನ ಸೋಫಾದ ಮೇಲೆ ಬಿದ್ದುಕೊಂಡಿದ್ದವನು ಮಗ್ಗುಲು ಬದಲಾಯಿಸುತ್ತ, “ಗಂಟೆ ಎಷ್ಟಮ್ಮಾ?” ಅಂತ ಗೊಣಗಿದ.

ಅತ್ತೆ ಗೋಡೆ ನೋಡಿ ಹೇಳಿದರು, “ಆರು, ಅವಸರದ್ದು.”

ಇವನಿಗೆ ನಿದ್ದೆಗಣ್ಣಿನಲ್ಲಿ ಕೇಳಿದ್ದು ‘ಆರು’ ಮತ್ತು ‘ಅವಸರ’ ಎರಡೇ. ಧಡಕ್ಕನೆ ಎದ್ದ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಮನೆಯ ಚಪ್ಪಲಿ ಸಿಕ್ಕಿಸಿಕೊಂಡು, ಬುತ್ತಿ ಡಬ್ಬಿ ಮೇಜಿನ ಮೇಲೇ ಬಿಟ್ಟು ಓಡಿದ. “ಲೋ, ನಿಂದು ಇನ್ನೂ ಐದು ಕಣೋ!” ಅಂತ ಅತ್ತೆ ಬಾಗಿಲಿಗೆ ಹೋಗಿ ಕೂಗುವಷ್ಟರಲ್ಲಿ ಟ್ರಕ್ಕು ತಿರುವು ದಾಟಿತ್ತು. ಗೇಟಿನ ಕಾವಲುಗಾರ ಅವನ ಕಾಲು ನೋಡಿ ಕುರ್ಚಿಯಿಂದ ಬೀಳುವಷ್ಟು ನಕ್ಕನಂತೆ. ಮರುದಿನದಿಂದ ಇಡೀ ಗಿರಣಿಗೆ ನನ್ನ ಗಂಡನ ಹೆಸರು ‘ಅವಸರ’. “ಏನಯ್ಯಾ ಅವಸರ, ಊಟ ಆಯ್ತಾ?” “ಅವಸರ ಬಂದ, ದಾರಿ ಬಿಡ್ರೋ!”

ಭಾನುವಾರ ಊಟದ ಮೇಜಿನಲ್ಲಿ ಅದು ಸಿಡಿಯಿತು.

“ಸಾಕಮ್ಮ ನಿನ್ನ ಅವಸರದ ಸಹವಾಸ,” ಅಂದ ರೊಸೇರ್, ಕೋಳಿ ಸಾರಿನ ಬಟ್ಟಲು ದೂಡುತ್ತ. “ನಲವತ್ತೆಂಟು ವರ್ಷದ ಗಂಡಸು ನಾನು. ಚಪ್ಪಲಿ ಹಾಕ್ಕೊಂಡು ಗಿರಣಿಗೆ ಹೋಗಿದೀನಿ.”

“ಅವಸರದ್ದು ಅಂತ ಹೇಳಿದ್ದೆನಲ್ಲಪ್ಪ. ಕಿವಿ ಇರೋದು ಯಾಕೆ?”

“ಮಲಗಿರೋನಿಗೆ ಕಿವಿ ಎಲ್ಲಿರುತ್ತೆ?”

ನಾನು ಇಪ್ಪತ್ತು ವರ್ಷ ಕಾದಿದ್ದ ಗಳಿಗೆ ಇದು. ಬಿಡುತ್ತೀನಾ? “ಮೆಮೇರ್, ಬೇಜಾರು ಮಾಡ್ಕೋಬೇಡಿ. ಒಂದು ಮನೇಲಿ ಒಂದು ಗಂಟೆ ಇದ್ರೆ ಚೆಂದ. ನಾವಿರೋದು ಈಚೆ. ಆಚೆ ಗಂಟೆ ಕಟ್ಕೊಂಡು ನಮಗೇನಾಗಬೇಕು?”

“ಅಮ್ಮಾ, ಅಜ್ಜಿದು ತೆಗೆದ್ರೆ ನಿಂದೂ ತೆಗಿ,” ಅಂದಳು ಮನೋನ್. ಅವಳು ಯಾವಾಗಲೂ ಅಜ್ಜಿಯ ವಕೀಲೆ. “ಎಲ್ಲರ ಹತ್ರ ಫೋನಿದೆ. ಗೋಡೆಗೆ ಗಡಿಯಾರ ಯಾಕೆ?”

“ತೆಗಿಯೋಣ. ನಂಗೇನು?” ಅಂದೆ. ನ್ಯಾಯ ಅಂದರೆ ನ್ಯಾಯ.

ಅತ್ತೆ ಚಮಚೆ ಕೆಳಗಿಟ್ಟರು. “ಆ ಫೋನಿಗೆ ತಾನು ಯಾವ ದೇಶದ್ದು ಅಂತ ಗೊತ್ತಾ?” ಅಂತ ಒಂದೇ ಒಂದು ಮಾತು ಕೇಳಿದರು. ಮಾತು ಸುಳ್ಳೇನಲ್ಲ. ಮನೆ ನದಿಯ ಅಂಚಿಗೇ ಇರುವುದರಿಂದ ಮಂಜು ಕವಿದ ದಿನ ಫೋನು ಆಚೆ ದಡದ ಟವರಿಗೆ ಜಿಗಿದು ಒಂದು ಗಂಟೆ ಮುಂದೆ ಓಡುವುದಿತ್ತು. ಆದರೆ ಅವತ್ತು ಯಾರಿಗೆ ಕೇಳುವ ತಾಳ್ಮೆ ಇತ್ತು?

“ಇನ್ನೊಂದು, ಅಮ್ಮ,” ಅಂದ ರೊಸೇರ್. “ಇನ್ಮೇಲೆ ಮಲಗಿರೋರನ್ನ ಎಬ್ಬಿಸೋಕೆ ಹೋಗಬೇಡ. ಯಾರನ್ನೂ.”

“ಆಯ್ತಪ್ಪ,” ಅಂದರು ಅತ್ತೆ. ಊಟವಾದ ಮೇಲೆ ತಾವೇ ಸ್ಟೂಲು ಹತ್ತಿ ಗಡಿಯಾರ ಇಳಿಸಿ, ಟವೆಲಿನಲ್ಲಿ ಸುತ್ತಿ ಕೋಣೆಗೆ ಒಯ್ದರು. ನಾನು ನನ್ನದನ್ನು ಇಳಿಸಿ ನೆಲಮಾಳಿಗೆಗೆ ಹಾಕಿದೆ. ಗೋಡೆಯ ಮೇಲೆ ಎರಡು ಬಿಳಿ ವೃತ್ತಗಳು ಉಳಿದವು. ಮೈಕ್ರೋವೇವಿನ ಗಂಟೆಯಂತೂ ಕೊಂಡ ದಿನದಿಂದ ಹನ್ನೆರಡರಲ್ಲೇ ಮಿಣುಕುತ್ತಿದೆ. ಮನೆಯಲ್ಲಿ ಹೊತ್ತು ಹೇಳುವ ವಸ್ತು ಅಂದರೆ ಜೇಬಿನ ಫೋನು ಮಾತ್ರ, ಅದೂ ಮೂರೇ. ಅತ್ತೆಗೆ ಫೋನಿಲ್ಲ, ಗೋಡೆಯ ಹಳೇ ತಂತಿ ಫೋನೇ ಸಾಕು ಅನ್ನುವವರು.

ಮರುದಿನ ಬೆಳಿಗ್ಗೆ ಏಳಕ್ಕೆ ಕೆಳಗಿಳಿದೆ. ಅಡುಗೆಮನೆ ತಣ್ಣಗಿತ್ತು. ಸೌದೆ ಒಲೆ ಉರಿದಿರಲಿಲ್ಲ. ಕಾಫಿ ಇಲ್ಲ. ರೊಸೇರ್‌ನ ಬುತ್ತಿ ಡಬ್ಬಿ ಮಗುಚಿ ಹಾಕಿದಲ್ಲೇ ಇತ್ತು. ಗಾಬರಿಯಾಗಿ ಅತ್ತೆಯ ಕೋಣೆ ಇಣುಕಿದರೆ ಅವರು ಬಟ್ಟೆ ತೊಟ್ಟು, ಜಡೆ ಹಾಕಿಕೊಂಡು, ಮಂಚದ ಅಂಚಿಗೆ ನೆಟ್ಟಗೆ ಕೂತಿದ್ದಾರೆ!

“ಏನ್ ಮೆಮೇರ್, ಹುಷಾರಿಲ್ವಾ?”

“ಚೆನ್ನಾಗಿದೀನಲ್ಲ. ಗಡಿಯಾರ ಟವೆಲಲ್ಲೇ ಇದೆ, ಗಂಟೆ ಎಷ್ಟು ಅಂತ ಗೊತ್ತಾಗಲಿಲ್ಲ. ಸದ್ದು ಮಾಡಿದ್ರೆ ಯಾರಾದ್ರೂ ಎದ್ದುಬಿಟ್ಟಾರು ಅಂತ ಕೂತಿದ್ದೆ.”

ಮುಷ್ಕರ ಹೂಡಿದ್ದಾರೆ ಮುದುಕಿ ಅಂದುಕೊಂಡೆ. ಹೂಡಲಿ. ನಾನೇನು ಕೈಲಾಗದವಳಾ? ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸುವವಳು ನಾನು.

ಒಂದು ವಾರದಲ್ಲಿ ನನ್ನ ಸೊಕ್ಕು ಇಳಿಯಿತು. ಒಲೆ ಕಾಯಲು ಅರ್ಧ ತಾಸು ಬೇಕು. ಅಷ್ಟು ಹೊತ್ತು ಮನೆಯವರೆಲ್ಲ ಕೋಟು ಹಾಕಿಕೊಂಡೇ ಅಡುಗೆಮನೆಯಲ್ಲಿ ಓಡಾಡಿದೆವು. ಪ್ಲೋಯ್ ದೋಸೆಯ ಹಿಟ್ಟು ಕಲಸಿ ನೆನೆಯಲು ಬಿಡದೆ ಹುಯ್ದರೆ ತೂತು ಬೀಳದೆ ರೊಟ್ಟಿಯಂತೆ ಗಟ್ಟಿಯಾಯಿತು. ಮನೋನ್ ಬಾಯಲ್ಲಿಟ್ಟು ಮುಖ ಸೊಟ್ಟ ಮಾಡಿದಳು. ರೊಸೇರ್ ಎರಡು ದಿನ ಬುತ್ತಿಯಿಲ್ಲದೆ ಗಿರಣಿಗೆ ಹೋದ. ಒಣಗಿದ ಬಟ್ಟೆ ಹಗ್ಗದ ಮೇಲೇ ಇತ್ತು. ಕೋಳಿಗಳು ಒಂಬತ್ತಾದರೂ ಗೂಡಿನಲ್ಲೇ ಕೊಕ್ಕೊಕ್ಕೊ ಅನ್ನುತ್ತಿದ್ದವು. ನನ್ನ ಶಾಲೆಯ ಏಪ್ರನ್ ಇಸ್ತ್ರಿ ಕಂಡಿರಲಿಲ್ಲ. ಅದು ಇಪ್ಪತ್ತು ವರ್ಷ ತಾನಾಗಿಯೇ ಇಸ್ತ್ರಿಯಾಗಿ ಮೊಳೆಗೆ ನೇತಾಡುತ್ತಿತ್ತು ಅಂತ ನಾನು ತಿಳಿದಿದ್ದೆ ಅಂತ ಕಾಣುತ್ತದೆ, ನನ್ನ ಬುದ್ಧಿಗಿಷ್ಟು!

“ಅಮ್ಮಾ,” ಅಂದಳು ಮನೋನ್ ಒಂದು ಬೆಳಿಗ್ಗೆ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, “ಇಷ್ಟೆಲ್ಲ ಅಜ್ಜಿ ಯಾವಾಗ ಮಾಡ್ತಿದ್ರು?”

“ನಾವು ಏಳೋಕೆ ಮುಂಚೆ.”

“ಅಂದ್ರೆ ಆ ಒಂದು ಗಂಟೇಲಿ.”

ನನಗೂ ಅದು ಗೊತ್ತಾಗಿತ್ತು. ಗೊತ್ತಾದದ್ದನ್ನು ಬಾಯಿ ಬಿಟ್ಟು ಹೇಳುವಷ್ಟು ದೊಡ್ಡತನ ಇನ್ನೂ ಬಂದಿರಲಿಲ್ಲ. ನೆಲಮಾಳಿಗೆಯ ಮೆಟ್ಟಿಲವರೆಗೆ ಒಂದು ಸಲ ಹೋದೆ, ಗಡಿಯಾರ ತರೋಣ ಅಂತ. ಸೋತ ಹಾಗಾಗುತ್ತದೆ ಅನ್ನಿಸಿ, ಒಂದು ಬುಟ್ಟಿ ಕ್ಯಾರೆಟ್ ತಂದೆ.

ಅಷ್ಟರಲ್ಲಿ ಆಲೂಗಡ್ಡೆ ರಜೆ ಬಂತು. ನಮ್ಮ ಕಡೆ ಶಾಲೆ ಆಗಸ್ಟ್ ಮಧ್ಯದಲ್ಲೇ ಶುರುವಾಗುವುದು, ಸೆಪ್ಟೆಂಬರ್ ಕೊನೆಗೆ ಮೂರು ವಾರ ಮುಚ್ಚುವುದು, ಮಕ್ಕಳು ಹೊಲಕ್ಕೆ ಹೋಗಲಿ ಅಂತ. ಆಚೆ ದಡದ ಮಕ್ಕಳಿಗೆ ಈ ಭಾಗ್ಯವಿಲ್ಲ. ನಮ್ಮ ಹಳದಿ ಬಸ್ಸುಗಳು ಶೆಡ್ಡಿನಲ್ಲಿ ಮಲಗಿರುವಾಗ ಆಚೆಯವು ಗುಡ್ಡದ ರಸ್ತೆಯಲ್ಲಿ ಹತ್ತಿ ಇಳಿಯುವುದು ನಮ್ಮ ಕಿಟಕಿಯಿಂದ ಕಾಣುತ್ತದೆ. ಶಾಲೆಯಿಲ್ಲದಿದ್ದರೆ ನನಗೂ ಅಡುಗೆ ಕೆಲಸವಿಲ್ಲ. ನಾನು, ಮನೋನ್ ಇಬ್ಬರೂ ನನ್ನ ಸೋದರಮಾವನ ಮಗನ ಹೊಲದಲ್ಲಿ ಯಂತ್ರದ ಮೇಲೆ ನಿಂತು, ಓಡುವ ಪಟ್ಟಿಯ ಮೇಲಿನ ಕಲ್ಲು, ಕೊಳೆತ ಗಡ್ಡೆ ಆರಿಸಿ ಎಸೆಯುವ ಕೆಲಸ ಹಿಡಿದೆವು. ಬೆಳಗಿನ ಐದೂವರೆಗೆ ಅವನ ಟ್ರಕ್ಕು ಬಾಗಿಲಿಗೆ ಬರುತ್ತಿತ್ತು. ಸಂಜೆ ಮೂಗಿನ ಹೊಳ್ಳೆಯಲ್ಲೂ ಮಣ್ಣು.

ಶುಕ್ರವಾರದ ಸಂದರ್ಶನಕ್ಕೆ ನಾನೂ ಹೋಗಬೇಕು ಅಂತಿದ್ದೆ. ಆದರೆ ವಾರಾಂತ್ಯಕ್ಕೆ ಗಟ್ಟಿ ಹಿಮ ಬೀಳುತ್ತದೆ ಅಂತ ಹವಾಮಾನದವರು ಹೇಳಿದ್ದರು. ಹೊಲದಲ್ಲಿ ಇನ್ನೂ ಹತ್ತು ಎಕರೆ ನೆಲದೊಳಗಿತ್ತು.

“ನೀನು ಹೋಗಮ್ಮ ಹೊಲಕ್ಕೆ,” ಅಂದಳು ಮನೋನ್. “ನಾನೇನು ಎಳೇ ಮಗುನಾ? ಕಾರು ಓಡಿಸ್ತೀನಿ, ಸೇತುವೆ ದಾಟ್ತೀನಿ, ಹೋಗಿ ಕೂರ್ತೀನಿ.”

ಗುರುವಾರ ಊಟವಾದ ಮೇಲೆ ಫೋನು ಮೇಜಿನ ಮೇಲಿಟ್ಟಳು. ಹೊರಗೆ ನದಿಯಿಂದ ಮಂಜು ಎದ್ದಿತ್ತು. ಫೋನು ಎಂಟು ತೋರಿಸುತ್ತಿತ್ತು. ರೊಸೇರ್‌ನ ಫೋನಿನಲ್ಲಿ ಏಳು.

“ನಂದು ಆಚೆಗೆ ಹೋಗಿದೆ ನೋಡು,” ಅಂದಳು.

“ಒಳ್ಳೇದೇ ಆಯ್ತಲ್ಲ,” ಅಂದೆ. ಇದನ್ನು ಹೇಳಿದವಳು ನಾನೇ, ಬೇರೆ ಯಾರೂ ಅಲ್ಲ. “ನಾಳೆ ನಿಂಗೆ ಬೇಕಾಗಿರೋದೂ ಆಚೆ ಗಂಟೆನೇ. ಅದೇ ಲೆಕ್ಕಕ್ಕೆ ಏಳೂವರೆಗೆ ಅಲಾರಂ ಇಡು. ಕೂಡಿಸೋದು ಬೇಡ, ಕಳೆಯೋದು ಬೇಡ.”

ಇಟ್ಟಳು. ಅತ್ತೆ ಪಾತ್ರೆ ಒರೆಸುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಏನೋ ಹೇಳಲು ತಿರುಗಿದರು, ಮತ್ತೆ ಪಾತ್ರೆಯ ಕಡೆಗೇ ತಿರುಗಿದರು.

ಬೆಳಿಗ್ಗೆ ಐದೂವರೆಗೆ ನಾನು ಹೊಲಕ್ಕೆ ಹೋದೆ. ರೊಸೇರ್ ಆಗಲೇ ಹಗಲು ಪಾಳಿಗೆ ಹೋಗಿದ್ದ. ಮುಂದೆ ನಡೆದದ್ದು ಮನೋನ್ ಹೇಳಿದ್ದು, ಅತ್ತೆ ಹೇಳಿದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ರಾತ್ರಿ ಮಂಜು ಕರಗಿ ಫೋನು ತೆಪ್ಪಗೆ ಈಚೆಗೆ ಬಂದುಬಿಟ್ಟಿತ್ತು. ಅಲಾರಂ ಹೊಡೆದದ್ದು ಏಳೂವರೆಗೇ, ಆದರೆ ನಿಧಾನದ ಏಳೂವರೆಗೆ. ಆಚೆ ಆಗ ಎಂಟೂವರೆ. ಮನೋನ್ ಆಕಳಿಸುತ್ತ ಕೆಳಗಿಳಿದಳು. ಅತ್ತೆ ಕಿಟಕಿಯ ಹತ್ತಿರ ಕೈಕೈ ಹಿಸುಕಿಕೊಳ್ಳುತ್ತ ನಿಂತಿದ್ದರು.

“ಮನೋನ್, ಬೇಗ ಹೊರಡೇ.”

“ಇನ್ನೂ ಏಳೂವರೆ ಅಜ್ಜಿ. ಆಚೆ ಲೆಕ್ಕ. ಬೇಕಾದಷ್ಟು ಹೊತ್ತಿದೆ. ತಲೆಗೆ ಸ್ನಾನ ಮಾಡ್ಕೊಂಡು ಬರ್ತೀನಿ.”

“ಆಚೆ ಶಾಲೆ ಬಸ್ಸು ಗುಡ್ಡ ಹತ್ತಿ ಹೋಯ್ತು. ಮಕ್ಕಳನ್ನ ಇಳಿಸಿ, ಖಾಲಿ ಬಸ್ಸು ವಾಪಸ್ಸೂ ಬಂತು ಕಣೇ. ಖಾಲಿ ಬಸ್ಸು ಇಳಿಯೋದು ಅಲ್ಲಿ ಎಂಟೂವರೆಗೆ. ನಾನು ಐವತ್ತಾರು ವರ್ಷದಿಂದ ನೋಡ್ತಿದೀನಿ.”

“ಫೋನ್ ನೋಡಿ ಅಜ್ಜಿ!”

“ಫೋನು ಸುಡಲಿ, ಹೊರಗೆ ನೋಡು! ಅಕ್ಟೋಬರಲ್ಲಿ ಆಚೆ ಏಳೂವರೆ ಅಂದ್ರೆ ಇನ್ನೂ ಕೋಳಿ ಕಣ್ಣು ಬಿಟ್ಟಿರೋದಿಲ್ಲ. ಇಲ್ಲಿ ಬಿಸಿಲು ಕೊಟ್ಟಿಗೆ ಮಾಡಿಂದ ಇಳಿದು ಅಂಗಳಕ್ಕೆ ಬಂದಿದೆ.”

ಮನೋನ್ ಹೊರಗೆ ನೋಡಿದಳು. ಬಿಸಿಲು ನಿಜವಾಗಿಯೂ ಅಂಗಳದಲ್ಲಿತ್ತು. ಸ್ನಾನ ಹೋಯಿತು, ತಿಂಡಿ ಹೋಯಿತು. ಸಿಕ್ಕಿದ ಶರಟು ತೊಟ್ಟು ಕಾರಿನತ್ತ ಓಡಿದಳು. ಅತ್ತೆ ಏಪ್ರನ್ನಿನಲ್ಲೇ ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

“ನೀವ್ಯಾಕೆ ಅಜ್ಜಿ?”

“ನೀನು ಅಳ್ತಾ ಓಡಿಸ್ತೀಯ. ಪಕ್ಕದಲ್ಲಿ ಬೈಯೋರು ಒಬ್ಬರು ಬೇಕು.”

ಸೇತುವೆಯ ತುದಿಯಲ್ಲಿ ಆಚೆಯ ಅಧಿಕಾರಿ, ಎಳೇ ಹುಡುಗ, ಕಾರಿನೊಳಗೆ ಬಗ್ಗಿ ಕೇಳಿದ, “ಏನಾದ್ರೂ ತಗೊಂಡು ಬಂದಿದೀರಾ? ಹೇಳೋದೇನಾದ್ರೂ ಇದೆಯಾ?”

“ಏನೂ ತಂದಿಲ್ಲಪ್ಪ,” ಅಂದರು ಅತ್ತೆ, “ಒಂದು ಗಂಟೆ ಕಳ್ಕೊಂಡು ಬಂದಿದೀವಿ. ಒಂಬತ್ತಕ್ಕೆ ಇವಳಿಗೆ ಕಾಲೇಜಲ್ಲಿ ಸಂದರ್ಶನ. ನಿಮ್ಮಜ್ಜಿ ಯಾರು? ಗುಡ್ಡದ ಮೇಲಿನ ವಿಯೊಲೆಟ್ ಮನೆಯವರಾ? ಮೂಗು ಹಾಗೇ ಇದೆ.”

ಅವನು ನಕ್ಕು ಕೈಬೀಸಿದ. ಕಾಲೇಜಿನ ಕಾರು ನಿಲ್ಲಿಸುವ ಜಾಗದಲ್ಲಿ ಇನ್ನೊಂದು ತೊಡಕು. ಮೀಟರಿಗೆ ಆಚೆಯ ನಾಣ್ಯವೇ ಬೇಕು. ಮನೋನಳ ಪರ್ಸಿನಲ್ಲಿದ್ದವೆಲ್ಲ ಈಚೆಯವು. ಅತ್ತೆ ಏಪ್ರನ್ನಿನ ಜೇಬಿನಿಂದ ನೀರುಹಕ್ಕಿಯ ಚಿತ್ರದ, ಒಂದೊಂದು ಡಾಲರಿನ ಎರಡು ನಾಣ್ಯ ತೆಗೆದರು. ಯಾವಾಗ ಬೇಕಾದರೂ ತಂಗಿಯ ಮನೆಗೆ ಹೋಗಬೇಕಾದೀತು ಅಂತ ಆ ಜೇಬಿನಲ್ಲಿ ಅವು ಸದಾ ಇರುತ್ತಿದ್ದವಂತೆ. ಬಟ್ಟೆ ಒಗೆಯುವಾಗ ನಾನೇ ಎಷ್ಟೋ ಸಲ ತೆಗೆದಿಟ್ಟು, ಈ ಮುದುಕಿಗೆ ಮರೆವು ಅಂತ ಗೊಣಗಿದ್ದೆ.

ಒಳಗೆ ಕಾಲಿಟ್ಟಾಗ ಒಂಬತ್ತು ದಾಟಿ ಆರು ನಿಮಿಷ. ಮೇಜಿನ ಹಿಂದಿನ ಹೆಂಗಸು ಕನ್ನಡಕದ ಮೇಲಿಂದ ನೋಡಿ, “ಅಮೆರಿಕ ಕಡೆಯವರಿಗೆ ಹತ್ತು ನಿಮಿಷ ಬಿಟ್ಟೇ ಕಾಯ್ತೀವಿ. ವರ್ಷಾ ಒಬ್ಬರಾದ್ರೂ ಗಂಟೆ ಮರೀತಾರೆ. ಹನ್ನೊಂದು ನಿಮಿಷ ಆಗಿದ್ರೆ ಮಾತ್ರ ಬಾಗಿಲು ಹಾಕಿರ್ತಿದ್ವಿ. ಹೋಗು ಒಳಗೆ,” ಅಂದಳಂತೆ. ನಾಲ್ಕು ನಿಮಿಷದಲ್ಲಿ ನನ್ನ ಮಗಳು ಉಳಿದಳು.

ಸಂಜೆ ಮಣ್ಣು ಮೆತ್ತಿಕೊಂಡು ಮನೆಗೆ ಬಂದವಳು ಇದನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿದೆ. ಮನೋನ್ ನಗುತ್ತ ನಗುತ್ತ ಹೇಳುತ್ತಿದ್ದಳು. ನಾನು ಬೂಟು ಬಿಚ್ಚುವ ಬೆಂಚಿನ ಮೇಲೆ ಕುಸಿದು ಕೂತೆ.

“ಒಳಗೆ ಏನ್ ಕೇಳಿದ್ರು?” ಅಂದ ರೊಸೇರ್.

“ಬೆಳಗಿನ ಪಾಳಿಗೆ ಏಳೋಕೆ ಆಗುತ್ತಾ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಆದ್ರೆ ನಮ್ಮ ಮನೇಲಿ ಒಬ್ಬರು ಐವತ್ತಾರು ವರ್ಷದಿಂದ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಎದ್ದು ಮನೆ ಬೆಚ್ಚಗೆ ಮಾಡ್ತಾರೆ, ಅವರನ್ನ ನೋಡಿ ಕಲೀತೀನಿ ಅಂದೆ. ಸಂದರ್ಶನ ಮಾಡ್ತಿದ್ದೋರು ಅದನ್ನ ಬರ್ಕೊಂಡ್ರು.”

ಅತ್ತೆ ಒಲೆಗೆ ಸೌದೆ ದೂಡುತ್ತಿದ್ದರು. ಕೇಳಿಸದವರ ಹಾಗೆ.

ಇನ್ನು ತಡೆಯಲಾಗಲಿಲ್ಲ. “ಮೆಮೇರ್, ಬಸ್ಸು ಹೋಗಿದ್ದು ಮೊದಲೇ ನೋಡಿದ್ರಲ್ಲ. ಯಾಕೆ ಇವಳನ್ನ ಎಬ್ಬಿಸಲಿಲ್ಲ?”

“ಎರಡು ಸಲ ಮೆಟ್ಟಿಲು ಹತ್ತಿದೆ,” ಅಂದರು ಅತ್ತೆ. “ಬಾಗಿಲವರೆಗೆ ಹೋದೆ. ನೀವೇ ಹೇಳಿದ್ರಲ್ಲ, ಯಾರನ್ನೂ ಎಬ್ಬಿಸಬೇಡ ಅಂತ.”

ರೊಸೇರ್ ತಲೆ ತಗ್ಗಿಸಿದ. ನನಗೆ ಅಳು ಬಂತು. ಮಣ್ಣು ಕೈಯಲ್ಲೇ ಕಣ್ಣೊರೆಸಿಕೊಂಡೆ, ಮುಖವೆಲ್ಲ ಕೆಸರಾಯಿತು.

“ತಪ್ಪಾಯ್ತು ಮೆಮೇರ್. ನಂದೇ ತಪ್ಪು. ಅಲಾರಂ ಹಾಗೆ ಇಡು ಅಂದೋಳೂ ನಾನೇ.”

“ಅಯ್ಯೋ, ಅಳೋಕೇನಾಯ್ತು? ಹುಡುಗಿ ಹೋಗಿ ಬಂದಳಲ್ಲ. ಮುಖ ತೊಳಿ ಹೋಗು, ಆಲೂಗಡ್ಡೆ ಥರ ಕಾಣ್ತಿದೀಯ.”

ಆಮೇಲೆ ಕಾಫಿ ಹಿಡಿದು ಇಬ್ಬರೇ ಕೂತಾಗ ಇಪ್ಪತ್ತು ವರ್ಷ ಕೇಳದ್ದನ್ನು ಕೇಳಿದೆ. “ಆ ಗಡಿಯಾರ ಈಚೆ ಹೊತ್ತಿಗೆ ಯಾಕೆ ತಿರುಗಿಸಲಿಲ್ಲ? ತವರು ನೆನಪಿಗಾ?”

ಅತ್ತೆ ನಕ್ಕರು. “ಮೊದಲ ವರ್ಷ ಹಾಗೇ. ಅಮ್ಮ ಈಗ ಊಟಕ್ಕೆ ಕೂತಿರ್ತಾಳೆ, ಈಗ ಹಾಲು ಕರೀತಿರ್ತಾಳೆ ಅಂತ ನೋಡ್ಕೊಂಡು ಕೂರ್ತಿದ್ದೆ. ಆಮೇಲೆ ಬೇರೆ ಉಪಯೋಗ ಕಂಡಿತು. ನಮ್ಮತ್ತೆ, ರೊಸೇರ್‌ನ ಅಜ್ಜಿ, ಐದಕ್ಕೆ ಏಳೋರು. ಬೆಂಕಿ ಅಂದ್ರೆ ಬೆಂಕಿ ಆ ಹೆಂಗಸು. ನನ್ನ ಗಡಿಯಾರದಲ್ಲಿ ಐದಕ್ಕೆ ನಾನೆದ್ರೆ ಅವರದು ಇನ್ನೂ ನಾಲ್ಕು. ಅವರು ಬರೋ ಹೊತ್ತಿಗೆ ಎಲ್ಲ ಆಗಿರೋದು. ಏನು ಬೈಯ್ತಾರೆ? ಒಂದು ದಿನಾನೂ ಬೈಗುಳ ತಿನ್ನಲಿಲ್ಲ ನೋಡು.”

“ಅವರು ಹೋಗಿ ಮೂವತ್ತು ವರ್ಷ ಆಯ್ತಲ್ಲ!”

“ಆಯ್ತು. ಆಮೇಲೆ ನೀನು ಬಂದೆ. ನನಗೆ ಬೈಯೋ ಬುದ್ಧಿ ಬರಬಾರದು ಅಂತ ನಾನೇ ಎದ್ದು ಮುಗಿಸ್ತಿದ್ದೆ. ಕೆಲಸ ಬಾಕಿ ಇದ್ರೆ ತಾನೆ ಅತ್ತೆ ಬಾಯಿ ತೆಗೆಯೋದು?”

“ಮತ್ತೆ ದಿನಾ ‘ಎಂಟಾಯ್ತಲ್ಲ ಕೊರಿನ್’ ಅಂತಿದ್ರಲ್ಲ, ಅದು?”

ಅತ್ತೆ ನನ್ನನ್ನು ಆಶ್ಚರ್ಯದಿಂದ ನೋಡಿದರು. “ಎಂಟಾಯ್ತು, ತಿಂಡಿ ಬಿಸಿಯಿದೆ, ಬಾ ಅಂತ. ಇನ್ನೇನು ಅಂದ್ಕೊಂಡಿದ್ದೆ?”

ಏನಂದುಕೊಂಡಿದ್ದೆ ಅಂತ ನಾನು ಹೇಳಲಿಲ್ಲ. ಎಲ್ಲವನ್ನೂ ಹೇಳಲೇಬೇಕು ಅಂತಿಲ್ಲ.

ಮರುದಿನ ಶನಿವಾರ ರೊಸೇರ್ ತಾನೇ ಸ್ಟೂಲು ಹತ್ತಿ ತಾಯಿಯ ಗಡಿಯಾರವನ್ನು ಕಿಟಕಿಯ ಪಕ್ಕದ ಬಿಳಿ ವೃತ್ತದ ಮೇಲೆ ತೂಗುಹಾಕಿದ. ಕೀಲಿ ಕೊಡದೆ ಅದು ನಿಂತೇ ಹೋಗಿತ್ತು. ಟವೆಲಿನಲ್ಲಿ ಸುತ್ತಿಟ್ಟ ಮೇಲೆ ಅತ್ತೆ ಅದನ್ನು ಮುಟ್ಟಿರಲಿಲ್ಲ. ಹೊತ್ತು ಹೊಂದಿಸಲು ಆಚೆ ದಡದಲ್ಲಿರುವ ತಂಗಿ ಫಿಲೋಮೆನ್‌ಗೆ ಫೋನು ಮಾಡಿದರು. “ಗಂಟೆ ಎಷ್ಟೇ?” ಅಂತ ಕೇಳಿ, ಅವಳು ಹೇಳಿದಂತೆ ಮುಳ್ಳು ತಿರುಗಿಸಿದರು. ನಾನು ನನ್ನದನ್ನೂ ನೆಲಮಾಳಿಗೆಯಿಂದ ತಂದು ಒಲೆಯ ಮೇಲೆ ಹಾಕಿದೆ. “ಈಗ ಸರಿ,” ಅಂದ ರೊಸೇರ್, “ಇನ್ನು ಚಪ್ಪಲಿನ ಬಾಗಿಲಿಂದ ದೂರ ಇಟ್ಟರಾಯ್ತು.”

ಸೋಮವಾರ ಆಚೆಯವರ ಕೃತಜ್ಞತೆಯ ಹಬ್ಬ. ನಮ್ಮದು ನವೆಂಬರಿನಲ್ಲಿ ಬರುತ್ತದೆ, ಅವರದು ಅಕ್ಟೋಬರಿನಲ್ಲೇ. ಎಲ್ಲರೂ ಫಿಲೋಮೆನ್ ಮನೆಗೆ ಹೋದೆವು. ಊಟಕ್ಕೆ ಮುಂಚೆ ಒಬ್ಬೊಬ್ಬರೂ ಯಾವುದಕ್ಕೆ ಕೃತಜ್ಞರು ಅಂತ ಹೇಳುವ ವಾಡಿಕೆ. ರೊಸೇರ್ ಬೂಟಿಗೆ ಅಂದ, ಎಲ್ಲರೂ ನಕ್ಕರು. ಮನೋನ್ ಹಳದಿ ಬಸ್ಸಿಗೆ ಅಂದಳು. ನನ್ನ ಸರದಿ ಬಂದಾಗ, ಇಷ್ಟು ಮಾತಾಡುವವಳಿಗೆ ಅವತ್ತೇ ಮಾತು ಕೈಕೊಡಬೇಕಾ! “ಅತ್ತೆಗೆ” ಅಂದೆ, ಅಷ್ಟೇ. ಅತ್ತೆ, “ಸಾರು ಆರ್ತಿದೆ, ತಿನ್ನಿ ಎಲ್ಲ,” ಅಂದರು.

ಕಾಲೇಜಿನ ಕಾಗದ ಬಂದದ್ದು ನವೆಂಬರಿನಲ್ಲಿ, ನಮ್ಮ ಕಡೆಯ ಹಬ್ಬದ ಹಿಂದಿನ ದಿನ. ಮನೋನ್ ಲಕೋಟೆ ಹರಿದು ಕಿರುಚಿದ್ದು ಖಂಡಿತ ಆಚೆ ದಡಕ್ಕೂ ಕೇಳಿರಬೇಕು. ಸೀಟು ಸಿಕ್ಕಿತ್ತು. ಮುಂದಿನ ಸೆಪ್ಟೆಂಬರಿನಿಂದ ತರಗತಿ, ಬೆಳಿಗ್ಗೆ ಎಂಟಕ್ಕೆ. ಅದರ ಕೆಳಗೆ ಯಾರೋ ಪೆನ್ನಿನಲ್ಲಿ ಬರೆದಿದ್ದರು: ‘ನಮ್ಮ ಎಂಟು.’

ಅವತ್ತು ಮಲಗುವ ಮುಂಚೆ ಹಿಟ್ಟು ಕಲಸಿ ಮುಚ್ಚಿಟ್ಟೆ. ಬೆಳಿಗ್ಗೆ ಬೇಗ ಎದ್ದು, ಮೆಟ್ಟಿಲಿನ ಕಿರುಗುಟ್ಟುವ ಹಲಗೆ ತಪ್ಪಿಸಿ ಕೆಳಗಿಳಿದೆ. ಒಲೆ ಹೊತ್ತಿಸಿದೆ. ಕಾಫಿ ಇಟ್ಟೆ. ನಾಲ್ವರ ಬಟ್ಟೆ ಮಡಿಚಿದೆ. ಆ ಹೊತ್ತಿನಲ್ಲಿ ಮನೆ ಎಷ್ಟು ಸದ್ದಿಲ್ಲದೆ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕಾವಲಿ ಕಾದಾಗ ಮೊದಲ ಪ್ಲೋಯ್ ಹುಯ್ದೆ. ಮೈತುಂಬ ತೂತು ಬಿತ್ತು.

ಅತ್ತೆ ಏಪ್ರನ್ನಿನ ದಾರ ಕಟ್ಟಿಕೊಳ್ಳುತ್ತ ಬಂದವರು ಬಾಗಿಲಲ್ಲೇ ನಿಂತರು. ಉರಿಯುವ ಒಲೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕತ್ತೆತ್ತಿ ತಮ್ಮ ಗಡಿಯಾರ ನೋಡಿದರು.

“ಇದು ಹಿಂದೆ ಬಿದ್ದಿದೆ ಅಂತ ಕಾಣುತ್ತೆ.”

“ಇಲ್ಲ ಮೆಮೇರ್, ಸರಿಯಾಗೇ ಇದೆ. ಐದು, ಅವಸರದ್ದು. ತಿಂಡಿ ಬಿಸಿಯಿದೆ, ಬನ್ನಿ.”

ಅವರು ನಿಧಾನವಾಗಿ ಬಂದು ಮೇಜಿಗೆ ಕೂತರು. ಕಾವಲಿಯಿಂದ ಇಳಿದ ಮೊದಲನೆಯದನ್ನು ಅವರ ತಟ್ಟೆಗೆ ಹಾಕಿ, ಬೆಣ್ಣೆ ಸವರಿ, ಮೇಲೆ ಕಾಕಂಬಿ ಹುಯ್ದೆ. ಈ ಮನೆಯಲ್ಲಿ ಮೊದಲ ಪ್ಲೋಯ್ ಅವರ ತಟ್ಟೆಗೆ ಬಿದ್ದದ್ದು ಐವತ್ತಾರು ವರ್ಷದಲ್ಲಿ ಅದೇ ಮೊದಲ ಸಲ. ಅತ್ತೆ ಸುತ್ತಿ ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದರು.

“ಬೆಣ್ಣೆ ಕಮ್ಮಿ ಆಯ್ತು ಕೊರಿನ್,” ಅಂದರು. ಅಂದು, ಇನ್ನೊಂದಕ್ಕೆ ತಟ್ಟೆ ಮುಂದೆ ಹಿಡಿದರು.